ಕಾರ್ತಿಕದ ಕೊನೆ, ಕಾರ್ತಿಗೈ ಕೊನೆ

ನಮ್ಮ ಯಜಮಾನರಿಗೆ ಊರಿನಲ್ಲಿ ಒಂದು ಕೆಲಸವಿದೆ. ಸಂಬಳವಿಲ್ಲದ ಕೆಲಸ, ರಜೆಯೂ ಇಲ್ಲ. ತಮಿಳಿನಲ್ಲಿ ಬರುವ ಕಾಗದಗಳನ್ನು ಓದಿ ಜನಕ್ಕೆ ಕನ್ನಡದಲ್ಲಿ ಹೇಳುವುದು, ಜನ ಹೇಳಿದ್ದನ್ನು ಆಫೀಸಿನವರಿಗೆ ತಮಿಳಿನಲ್ಲಿ ಮುಟ್ಟಿಸುವುದು. ಗುಮ್ಮಳಾಪುರದ ಪಕ್ಕದ ಈ ಹಳ್ಳಿಯಲ್ಲಿ ನಲವತ್ತು ಮನೆ. ಮನೆಯೊಳಗೆ ಕನ್ನಡ, ಕೆಲವರಲ್ಲಿ ತೆಲುಗು, ಬಸ್ಸು ಹತ್ತಿದರೆ ತಮಿಳು. ಈಗಿನ ಹುಡುಗರಿಗೆ ಮೂರೂ ಸಲೀಸು. ಆದರೆ ಅವರು ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತಿ ಹೊಸೂರಿಗೆ ಹೋದರೆ ಬರುವುದು ಸಂಜೆಗೆ. ಹಗಲು ಹೊತ್ತಿನಲ್ಲಿ ಹೊಲದ ಪಟ್ಟಾ ಹಿಡಿದುಕೊಂಡು, ರೇಷನ್ ಕಾರ್ಡು ಹಿಡಿದುಕೊಂಡು ಬರುವ ಮುದುಕ ಮುದುಕಿಯರಿಗೆಲ್ಲ ಇವರೇ ಗತಿ.

ಹೆಸರು ರಾಮಕೃಷ್ಣಪ್ಪ. ಬಾಯಲ್ಲಿ ಹೇಳುವುದಿಲ್ಲ, ಬರೆಯುವುದಕ್ಕೇನು. ವಯಸ್ಸು ಅರವತ್ತೇಳು. ನಾನು ರಾಮಲಕ್ಷ್ಮಮ್ಮ. ಇವರ ಕೈ ಹಿಡಿದು ನಲವತ್ತು ವರ್ಷವಾಯಿತು, ಅಷ್ಟೂ ವರ್ಷ ಈ ಜಗಲಿಯ ಮೇಲೆ ಯಾರಾದರೊಬ್ಬರು ಕಾಗದ ಹಿಡಿದು ಕೂತೇ ಇದ್ದಾರೆ. ಒಂದು ದಿನ ನೆಮ್ಮದಿಯಾಗಿ ಜಗಲಿ ಗುಡಿಸಿದ್ದು ನನಗೆ ನೆನಪಿಲ್ಲ.

ಇವರು ಓದಿದ್ದು ಐದನೇ ಕ್ಲಾಸು, ಅದೂ ಕನ್ನಡ ಸ್ಕೂಲಿನಲ್ಲಿ. ತಮಿಳು ಕಲಿತದ್ದು ರಾಯಕೋಟೆಯ ಟೊಮೆಟೊ ಮಂಡಿಯಲ್ಲಿ. ಹದಿನೆಂಟರ ವಯಸ್ಸಿನಲ್ಲಿ ಅಲ್ಲಿಗೆ ಬುಟ್ಟಿ ಹೊರಲು ಹೋದವರು ಏಳು ವರ್ಷ ಇದ್ದರು. ಬುಟ್ಟಿ ಇಳಿಸಿ ಕೂತಾಗ ಗೋಡೆಯ ಮೇಲಿನ ಸಿನಿಮಾ ಪೋಸ್ಟರ್ ನೋಡಿ ನೋಡಿ ಅಕ್ಷರ ಕಲಿತರಂತೆ. ಅದನ್ನು ಮದುವೆಯಾದ ಹೊಸದರಲ್ಲಿ ನನಗೆ ಹತ್ತು ಸಲ ಹೇಳಿದ್ದಾರೆ. ಆಮೇಲೆ ಮಗನಿಗೆ ಹೇಳಿದರು, ಈಗ ಸೊಸೆಗೆ ಹೇಳುತ್ತಿದ್ದಾರೆ.

ಆ ತಮಿಳಿನ ಮೇಲೆ ಇವರಿಗೆ ಎಷ್ಟು ಅಭಿಮಾನವೆಂದರೆ, ತಮಿಳಿನವರ ಜೊತೆ ಫೋನಿನಲ್ಲಿ ಮಾತಾಡಬೇಕಾದರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಮಧ್ಯೆ ಒಂದು ಕನ್ನಡ ಪದ ಸೇರಬಾರದು, ಇಂಗ್ಲಿಷೂ ಸೇರಬಾರದು. ಊರಿನ ಮಿಕ್ಕವರೆಲ್ಲ ಮೂರು ಭಾಷೆಯನ್ನೂ ಕಲಸಿ ಹೇಗೋ ಕೆಲಸ ಮುಗಿಸಿಕೊಂಡು ಬರುತ್ತಾರೆ. ಇವರು ಮಾತ್ರ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಆರಿಸಿ ಮಾತಾಡುತ್ತಾರೆ. ಗೊತ್ತಿಲ್ಲ ಅನ್ನುವ ಮಾತು ಇವರ ಬಾಯಿಂದ ನಾನು ಕೇಳಿಲ್ಲ. ತಪ್ಪಾಯಿತು ಅನ್ನುವುದನ್ನೂ ಕೇಳಿರಲಿಲ್ಲ, ಹೋದ ಚಳಿಗಾಲದವರೆಗೆ.

ಇವರಿಗೆ ಒಬ್ಬಳೇ ಅಕ್ಕ, ಪಾಪಮ್ಮ. ಎಪ್ಪತ್ನಾಲ್ಕು ವರ್ಷ. ಅಂಚೆಟ್ಟಿ ಆಚೆ ಕಾಡಿನ ಅಂಚಿನ ನಾಟ್ರಾಂಪಾಳ್ಯಕ್ಕೆ ಕೊಟ್ಟಿದ್ದರು. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ, ತವರಿಗೆ ಬಂದಳು. ನನ್ನ ಅತ್ತೆ ಮಾವ ಇಬ್ಬರೂ ಹೋದ ಮೇಲೆ ತಮ್ಮನನ್ನು ಮಗನ ಹಾಗೆ ನೋಡಿಕೊಂಡವಳು ಅವಳೇ. ನಮ್ಮ ಮನೆಯ ಪಕ್ಕದಲ್ಲೇ ಎರಡು ಕೋಣೆಯ ಮನೆ, ಒಂದೂಕಾಲು ಎಕರೆ ಹೊಲ, ಎರಡು ಹಸು. ನಮ್ಮ ಮನೆಯಲ್ಲೇ ಊಟ ಮಾಡು ಎಂದು ಎಷ್ಟು ಸಲ ಕರೆದರೂ ಬರಲಿಲ್ಲ. ತನ್ನ ಹೊಲದ ರಾಗಿಯನ್ನು ತಾನೇ ಬೀಸಿಸಿ, ತಾನೇ ಮುದ್ದೆ ಕಟ್ಟಿ ತಿನ್ನುವವಳು. ನಾನು ಮದುವೆಯಾಗಿ ಬಂದಾಗ ನನಗೆ ಒಲೆ ಹಚ್ಚುವುದಕ್ಕೂ ಬರುತ್ತಿರಲಿಲ್ಲ. ಎಲ್ಲ ಕಲಿಸಿದ್ದು ಅವಳು, ಬೈಯುತ್ತಾ ಬೈಯುತ್ತಾ. ಅವಳನ್ನು ನಾನೂ ಅಕ್ಕ ಎಂದೇ ಕರೆಯುತ್ತೇನೆ.

ಇನ್ನು ರಾಗಿಯ ವಿಷಯ. ಹೋದ ವರ್ಷ ಮಳೆ ನಮಗೆ ಮೋಸ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಬಿತ್ತಿದ ಮೇಲೆ ಒಂದು ವಾರ ಕಾಯಿಸಿತು, ಆಮೇಲೆ ಹದವಾಗಿ ಬಂತು. ಪುಬ್ಬೆ ಉತ್ತರೆಯಲ್ಲಿ ಪೈರು ಮೊಣಕಾಲು ದಾಟಿತು. ಚಿತ್ತೆಯಲ್ಲಿ ತೆನೆಗೆ ಹಾಲು ತುಂಬುವಾಗ ಎರಡು ಮಳೆ, ಸ್ವಾತಿಯಲ್ಲಿ ಒಂದು, ಆಮೇಲೆ ನಿಂತೇಬಿಟ್ಟಿತು. ದೀಪಾವಳಿ ಕಳೆದ ಮೇಲೆ ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಚುರುಕು ಬಿಸಿಲು. ರಾಗಿಗೆ ಇನ್ನೇನು ಬೇಕು? ತೆನೆಗಳು ಕಂದು ಬಣ್ಣಕ್ಕೆ ತಿರುಗಿ ಭಾರಕ್ಕೆ ಬಾಗಿದ್ದವು. ಇಂಥ ರಾಗಿ ನೋಡಿ ಆರು ವರ್ಷವಾಯಿತು ಎಂದು ಹೊಲದ ಬದುವಿನಲ್ಲಿ ನಿಂತವರೆಲ್ಲ ಹೇಳುತ್ತಿದ್ದರು.

ಕುಯ್ಯುವವರು ಯಾರು ಅನ್ನುವುದೇ ಪ್ರಶ್ನೆ. ಮೊದಲಾದರೆ ಹೆಂಗಸರೆಲ್ಲ ಸೇರಿ ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಮುಯ್ಯಾಳಿನಲ್ಲಿ ಕುಯ್ಯುತ್ತಿದ್ದೆವು. ಈಗ ಸೊಸೆಯಂದಿರು ಕಂಪನಿಗೆ, ಇಲ್ಲವೇ ಗುಲಾಬಿ ತೋಟಗಳ ಪ್ಲಾಸ್ಟಿಕ್ ಶೆಡ್ಡಿಗೆ ಹೋಗುತ್ತಾರೆ. ಹಾಗಾಗಿ ಮಿಷಿನ್ ಬಂತು. ಒಂದು ಗಂಟೆಗೆ ಒಂದು ಎಕರೆ ನುಂಗಿ ಕಾಳು ಉಗುಳುತ್ತದೆ. ಆದರೆ ಅದಕ್ಕೆ ಬಹಳ ಗತ್ತು. ಕೈಯಲ್ಲಿ ಕುಯ್ದರೆ ಎರಡು ದಿನ ನೆಲದಲ್ಲಿ ಒಣಗಿಸಿ, ಕಂತೆ ಕಟ್ಟಿ ಮೆದೆ ಹಾಕಿಬಿಟ್ಟರೆ ಆಯಿತು. ಮೇಲೆ ಎಷ್ಟು ಮಳೆ ಹೊಯ್ದರೂ ಮೆದೆಯೊಳಗಿನ ತೆನೆ ಬೆಚ್ಚಗಿರುತ್ತದೆ, ಬೇಕಾದಾಗ ಬಡಿದುಕೊಳ್ಳಬಹುದು. ಮಿಷಿನ್ನಿಗೆ ಹಾಗಲ್ಲ. ಪೈರು ಪೂರ್ತಿ ಒಣಗುವ ತನಕ ಹೊಲದಲ್ಲೇ ನಿಂತಿರಬೇಕು, ನೆಲವೂ ಒಣಗಿರಬೇಕು. ಮಿಷಿನ್ ಬರುವ ತನಕ ಆಕಾಶ ನೋಡುತ್ತಾ ಕೂರಬೇಕು.

ಅದಕ್ಕೆ ಮುಂಚೆ ಎರಡು ವರ್ಷ ತಳಿ ಎಂಬ ಊರಿನ ಒಬ್ಬನ ಮಿಷಿನ್ ಬಂದಿತ್ತು. ಅವನು ನಮ್ಮವರ ಹಾಗೆ ಕನ್ನಡ ತೆಲುಗು ಮಾತಾಡುವವನು. ಹೋದ ವರ್ಷ ಮಿಷಿನ್ ಮಾರಿಬಿಟ್ಟ. ಆಗ ಇವರೇ ಮುಂದೆ ಬಿದ್ದು ಆತ್ತೂರಿನ ಮುರುಗೇಶ್ ಎಂಬವನ ನಂಬರ್ ಹುಡುಕಿದರು. ದೀಪಾವಳಿಗೆ ಮುಂಚೆ ಒಂದು ದಿನ ಗುಂಡಿ ಹಾಕಿಕೊಂಡು ಜಗಲಿಯಲ್ಲಿ ಕೂತು ಫೋನ್ ಮಾಡಿದರು. ಹನ್ನೊಂದು ಮನೆಯ ಹೊಲ, ಮೂವತ್ತು ಎಕರೆ ಚಿಲ್ಲರೆ, ಬರುತ್ತೀಯಾ ಎಂದು ಕೇಳಿದರು. ಯಾವಾಗ ಬರಬೇಕು ಎಂದು ಅವನು ಕೇಳಿದ. ಕಾರ್ತಿಕದ ಕೊನೆಗೆ ನಮ್ಮ ರಾಗಿ ಒಣಗಿರುತ್ತದೆ, ಆಗ ಬನ್ನಿ ಎಂದು ಇವರು ಅಚ್ಚ ತಮಿಳಿನಲ್ಲಿ ಹೇಳಿದರು: ‘ಕಾರ್ತಿಗೈ ಕಡೈಸಿಲೆ ವಾಂಗ.’ ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ. ಎಷ್ಟು ಚೆನ್ನಾಗಿ ಮಾತಾಡುತ್ತಾರಪ್ಪಾ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಅಕ್ಕ ಮಾತ್ರ ಮಿಷಿನ್ ಬೇಡ ಅಂದಿದ್ದಳು. ಮಿಷಿನ್ನಿನಲ್ಲಿ ಹುಲ್ಲು ಪುಡಿಯಾಗುತ್ತದೆ, ನನ್ನ ಹಸುಗಳು ಮೂಸುವುದೂ ಇಲ್ಲ ಎನ್ನುವುದು ಅವಳ ವಾದ. ಪ್ರತಿ ವರ್ಷ ನಾಟ್ರಾಂಪಾಳ್ಯದಿಂದ ಅವಳ ನಾದಿನಿಯ ಹೆಣ್ಣುಮಕ್ಕಳು ನಾಲ್ಕು ಜನ ಬಂದು, ಎರಡು ದಿನ ಇದ್ದು, ಕುಯ್ದು ಕೊಟ್ಟು ಹೋಗುತ್ತಿದ್ದರು. ಆ ವರ್ಷವೂ ಬರುವವರಿದ್ದರು. ಆದರೆ ಅಕ್ಕನಿಗೆ ಮಂಡಿನೋವು ಜಾಸ್ತಿಯಾಗಿತ್ತು. ಬಂದವರಿಗೆ ಅಡುಗೆ ಮಾಡಿ ಬಡಿಸುವುದಕ್ಕೂ ಆಗದೆ ಗೋಡೆ ಹಿಡಿದು ಓಡಾಡುತ್ತಿದ್ದಳು. ಇವರು ಹೋಗಿ ಎದುರಿಗೆ ಕೂತು ಹೇಳಿದರು. ಅಕ್ಕಾ, ನಿನ್ನದೂ ಲಿಸ್ಟಿಗೆ ಸೇರಿಸಿದ್ದೀನಿ, ಮೊದಲ ಹೊಲವೇ ನಿಂದು, ಅಮಾವಾಸ್ಯೆಗೆ ಮುಂಚೆ ರಾಗಿ ನಿನ್ನ ಮನೆಯಲ್ಲಿರುತ್ತೆ, ನನ್ನ ಮಾತು ನಂಬು ಎಂದರು. ಅಕ್ಕ ನಂಬಿದಳು. ನಾದಿನಿಯ ಮಕ್ಕಳಿಗೆ ಈ ಸಲ ಬರಬೇಡಿ ಎಂದು ನನ್ನ ಫೋನಿನಿಂದಲೇ ಹೇಳಿದಳು.

ಅಮಾವಾಸ್ಯೆ ಬಂತು. ಮಿಷಿನ್ ಬರಲಿಲ್ಲ. ಫೋನ್ ಮಾಡಿದರೆ ಮುರುಗೇಶ್ ಎತ್ತಲಿಲ್ಲ. ಮಿಷಿನ್ ಮೇಲೆ ಕೂತಿದ್ದರೆ ಸದ್ದಿಗೆ ಕೇಳಿಸುವುದಿಲ್ಲ ಎಂದು ಇವರು ಎಲ್ಲರಿಗೂ ಸಮಾಧಾನ ಹೇಳಿದರು. ಎರಡು ದಿನ ಬಿಟ್ಟು ಎತ್ತಿದ. ಇವರ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಸೀರಿಯಲ್ ನೋಡಿ ನೋಡಿ ನನಗೂ ತಮಿಳು ಅರ್ಥವಾಗುತ್ತದೆ. ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ಏನಪ್ಪಾ, ಬರಲೇ ಇಲ್ಲವಲ್ಲ ಎಂದು ಇವರು ಗದರಿದರು. ಆ ಕಡೆಯಿಂದ ಅವನು ಆಶ್ಚರ್ಯಪಟ್ಟ. ‘ಅಯ್ಯಾ, ಇನ್ನಿಕ್ಕಿ ಕಾರ್ತಿಗೈ ಆರುದಾನೇ?’ ಇವತ್ತಿನ್ನೂ ಕಾರ್ತಿಗೈ ಆರು ತಾನೇ, ನೀವು ಕೊನೆಗೆ ಬಾ ಅಂದಿರಿ, ನಾನು ಕಾರ್ತಿಗೈ ಇಪ್ಪತ್ತೆಂಟಕ್ಕೆ ಬರೆದುಕೊಂಡಿದ್ದೇನೆ, ಅಷ್ಟರೊಳಗೆ ಒಂದು ದಿನವೂ ಬಿಡುವಿಲ್ಲ ಎಂದ.

ನಮ್ಮ ಕಾರ್ತಿಕ ದೀಪಾವಳಿ ಅಮಾವಾಸ್ಯೆಯ ಮಾರನೇ ದಿನ ಹುಟ್ಟುತ್ತದೆ, ಮುಂದಿನ ಅಮಾವಾಸ್ಯೆಗೆ ಮುಗಿಯುತ್ತದೆ. ತಮಿಳರ ಕಾರ್ತಿಗೈ ಸೂರ್ಯನ ಲೆಕ್ಕದ್ದು. ಹೋದ ವರ್ಷ ನಮ್ಮ ಕಾರ್ತಿಕ ಮುಗಿಯುವ ಹೊತ್ತಿಗೆ ಅದು ಹುಟ್ಟಿ ನಾಲ್ಕೇ ದಿನವಾಗಿತ್ತು. ಇದು ನಮ್ಮ ಕಡೆ ಗೊತ್ತಿಲ್ಲದ ವಿಷಯವೇ? ನಾವು ಕಾರ್ತಿಕ ಸೋಮವಾರದ ದೀಪ ಹಚ್ಚಿ ಮುಗಿಸಿದ ಮೇಲೆ ಹೊಸೂರಿನ ತಮಿಳರ ಮನೆಗಳಲ್ಲಿ ಕಾರ್ತಿಗೈ ದೀಪ ಸಾಲುಸಾಲಾಗಿ ಉರಿಯುವುದನ್ನು ಎಷ್ಟೋ ವರ್ಷ ಕಣ್ಣಾರೆ ನೋಡಿದ್ದೇವೆ. ಮೂರು ವಾರದ ವ್ಯತ್ಯಾಸ. ಇವರು ತಿಂಗಳ ಹೆಸರನ್ನು ಸರಿಯಾಗಿ ತಮಿಳು ಮಾಡಿದ್ದರು. ತಿಂಗಳನ್ನೇ ಬದಲಾಯಿಸಿದ್ದು ಗೊತ್ತಾಗಲಿಲ್ಲ. ನಮ್ಮ ಮಗ ಮೋಹನನಿಗೆ ಕಾರ್ತಿಕವೂ ಗೊತ್ತಿಲ್ಲ, ಕಾರ್ತಿಗೈಯೂ ಗೊತ್ತಿಲ್ಲ, ಅವನಿಗೆ ನವೆಂಬರ್ ಗೊತ್ತು. ಅವನ ಕೈಲಿ ಫೋನ್ ಮಾಡಿಸಿದ್ದರೆ ನವೆಂಬರ್ ಇಪ್ಪತ್ತು ಎಂದಿರುತ್ತಿದ್ದ, ಮುಗಿಯುತ್ತಿತ್ತು.

ಇವರು ಫೋನ್ ಇಟ್ಟರು. ಸರಿಯಾಗಿ ಬೈಯಬೇಕು ಎಂದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಮುಖ ನೋಡಿದೆ, ಬೈಯಲು ಆಗಲಿಲ್ಲ. ಅಂಗಿಯ ಗುಂಡಿ ಒಂದೊಂದೇ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಮಿಷಿನ್ನವನು ಏನಂದ ಎಂದು ಕೇಳಿದಳು.

‘ಮಿಷಿನ್ ಕೆಟ್ಟೋಗೈತಂತೆ ಅಕ್ಕಾ. ಬೆಲ್ಟ್ ಹೋಗೈತಂತೆ. ಎರಡು ಮೂರು ದಿನದಾಗೆ ಬತ್ತಾನೆ’ ಎಂದರು.

ಅಕ್ಕ ನನ್ನ ಕಡೆ ತಿರುಗಿ, ಹೌದೇನಮ್ಮಿ ಎಂದಳು. ನಾನು ಹ್ಞೂಂ ಅಂದೆ. ಯಾಕೆ ಅಂದೆ ಎಂದು ಈಗ ಕೇಳಿದರೆ ಏನು ಹೇಳಲಿ? ನಲವತ್ತು ವರ್ಷ ಊರೆಲ್ಲ ಇವರ ಮಾತನ್ನು ನಂಬಿದೆ. ಆ ಮಾತೇ ಹೋದರೆ ಇವರಲ್ಲಿ ಉಳಿಯುವುದೇನು ಅನ್ನಿಸಿತು. ಹೇಗೂ ಬಿಸಿಲಿದೆ, ಆಕಾಶ ತೊಳೆದ ಹಾಗಿದೆ, ಮೂರು ವಾರ ಹೀಗೇ ಇದ್ದರೆ ಯಾರಿಗೂ ಏನೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿದೆ.

ಇವರು ಊರವರಿಗೂ ಅದೇ ಬೆಲ್ಟಿನ ಕಥೆ ಹೇಳಿದರು. ಆನೇಕಲ್, ಡೆಂಕಣಿಕೋಟೆ, ಎಲ್ಲ ಕಡೆ ಬೇರೆ ಮಿಷಿನ್ ಹುಡುಕಿದರು. ಒಂದೂ ಸಿಗಲಿಲ್ಲ, ಎಲ್ಲರ ರಾಗಿಯೂ ಒಟ್ಟಿಗೇ ಒಣಗಿತ್ತು. ದಿನಕ್ಕೊಂದು ಸಲ ಅಕ್ಕ ಬರುತ್ತಿದ್ದಳು, ಏನಂದ ಎಂದು ಕೇಳುತ್ತಿದ್ದಳು. ನಾಳೆ, ನಾಳಿದ್ದು ಎಂದು ಇವರು ಹೇಳುತ್ತಿದ್ದರು. ಇವರು ಮನೆಯಲ್ಲಿಲ್ಲದ ದಿನ ನಾನೇ ಹೇಳಿದ್ದೂ ಉಂಟು. ರಾತ್ರಿ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ನಾಟ್ರಾಂಪಾಳ್ಯದವರಿಗೆ ಒಂದು ಫೋನ್ ಮಾಡೋಣವೇ ಎಂದು ಒಂದು ಸಲ ಕೇಳಿದೆ. ಯಾಕೆ ಕರೆದಿರಿ ಎಂದು ಅವರು ಕೇಳಿದರೆ ಏನು ಹೇಳುವುದು ಎಂದರು. ನಾನೂ ಅಲ್ಲಿಗೇ ಬಿಟ್ಟೆ.

ಫೋನಿನಲ್ಲಿ ಮಾತಾಡಿದ ಐದನೇ ದಿನ ಟಿವಿಯಲ್ಲಿ ಸಮುದ್ರದ ಚಿತ್ರ ಬಂತು. ಬಂಗಾಳ ಕೊಲ್ಲಿಯಲ್ಲಿ ಸುಳಿ ಎದ್ದಿದೆ, ನಾಲ್ಕೈದು ದಿನದಲ್ಲಿ ನಮ್ಮ ಕಡೆಗೂ ಮಳೆ ಎಂದರು. ಗಂಡುಮಕ್ಕಳು ಮನೆಯಲ್ಲಿದ್ದವರು ಕುಡುಗೋಲು ಹುಡುಕಿ ಮಸೆದರು. ಕಂಪನಿಗೆ ರಜೆ ಹಾಕಿ ಕೆಲವರು ಹೊಲಕ್ಕಿಳಿದರು. ಇವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದವರೇ ಕುಡುಗೋಲು ತೆಗೆದುಕೊಂಡು, ‘ನಡಿಯೆ, ಅಕ್ಕನ ಹೊಲ ಕುಯ್ಯಾನ’ ಎಂದರು. ನಮ್ಮದೋ ಎಂದೆ. ನಮ್ಮದು ಹಾಳಾಗಿ ಹೋಗಲಿ ಎಂದರು.

ಅಕ್ಕನಿಗೆ ಹುಲ್ಲಿನ ನೆಪ ಹೇಳಿದರು. ಮಿಷಿನ್ ಬಂದರೂ ನಿನ್ನ ಹಸುಗಳಿಗೆ ಹುಲ್ಲು ಹಾಳಾಗುತ್ತಲ್ಲ, ಅದಕ್ಕೇ ಕೈಯಲ್ಲೇ ಕುಯ್ತೀವಿ ಎಂದು. ಅಕ್ಕ ಬೇಡ ಬೇಡ ಎಂದು ಕೂಗಿದಳು. ತಾನೂ ಹೊಲಕ್ಕೆ ಬಂದು ಬದುವಿನ ಮೇಲೆ ಕೂತಳು. ಅರವತ್ತೇಳರ ಗಂಡಸು, ಅರವತ್ತರ ನಾನು. ಬಾಗಿದ ಬೆನ್ನು ನೆಟ್ಟಗಾಗಲು ಹೊತ್ತು ಹಿಡಿಯುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಭಾನುವಾರ ಮೋಹನನೂ ಬಂದ. ಮೂರು ದಿನಕ್ಕೆ ಅಕ್ಕನ ಹೊಲವನ್ನೆಲ್ಲ ಕುಯ್ದು ನೆಲಕ್ಕೆ ಹಾಸಿದೆವು. ಇನ್ನೊಂದು ದಿನ ಬಿಸಿಲು ಕಂಡರೆ ಕಂತೆ ಕಟ್ಟಿ ಮೆದೆ ಹಾಕಬಹುದಿತ್ತು. ಟಿವಿಯವರು ಮಳೆ ಮಂಗಳವಾರ ಎಂದಿದ್ದರು.

ಸೋಮವಾರ ಬೆಳಗಿನ ಜಾವವೇ ಬಂತು. ಗುಡುಗಿಲ್ಲ, ಸಿಡಿಲಿಲ್ಲ, ಬಡಿಯುವ ಮಳೆಯೂ ಅಲ್ಲ. ನಾಲ್ಕು ದಿನ ಸೋರುತ್ತಲೇ ಇತ್ತು. ಮೊದಲ ದಿನ ಟಾರ್ಪಾಲು ಹೊದಿಸಲು ಓಡಿದೆವು. ಒಂದೂಕಾಲು ಎಕರೆಗೆ ಹರಡಿದ ರಾಗಿಗೆ ಎಲ್ಲಿಯ ಟಾರ್ಪಾಲು? ಒಂದು ಮೂಲೆ ಮುಚ್ಚಿದೆವು, ಮಿಕ್ಕಿದ್ದು ನೆನೆಯಿತು. ಐದನೇ ದಿನ ಹೋಗಿ ನೋಡಿದರೆ ನೆಲಕ್ಕೆ ಅಂಟಿದ ತೆನೆಗಳಲ್ಲಿ ಬಿಳಿ ಮೊಳಕೆ, ಟಾರ್ಪಾಲಿನ ಕೆಳಗೂ. ಬೂಷ್ಟು ಹಿಡಿದ ವಾಸನೆ. ಇವರು ಒಂದು ತೆನೆ ಎತ್ತಿ ಕೊಡವಿದರು, ಮತ್ತೆ ಅಲ್ಲೇ ಇಟ್ಟರು.

ಅನ್ಯಾಯ ನೋಡಿ. ಕುಯ್ಯದೆ ಬಿಟ್ಟ ನಮ್ಮ ಹೊಲದ ರಾಗಿ ನಿಂತೇ ಇತ್ತು. ಅಲ್ಲಲ್ಲಿ ಮಲಗಿತ್ತು, ಕಾಳು ಸ್ವಲ್ಪ ಕಪ್ಪಾಗಿತ್ತು, ಆದರೂ ಗಾಳಿ ಆಡಿ ಒಣಗಿಕೊಂಡಿತು. ಊರಿನಲ್ಲಿ ಕುಯ್ಯದೆ ಬಿಟ್ಟವರದ್ದೆಲ್ಲ ಹೀಗೇ ಮುಕ್ಕಾಲು ಪಾಲು ಉಳಿಯಿತು. ಬೇಗ ಕುಯ್ದು ಮೆದೆ ಹಾಕಿದ ಇಬ್ಬರದ್ದು ಪೂರ್ತಿ ಉಳಿಯಿತು. ಪೂರ್ತಿ ಹೋದದ್ದು ಅಕ್ಕನದ್ದು ಒಂದೇ. ಅವಳಿಗೆ ಒಳ್ಳೆಯದಾಗಲಿ ಎಂದು ಬೆನ್ನು ಮುರಿದುಕೊಂಡು ಕುಯ್ದದ್ದಕ್ಕೇ ಹೋಯಿತು.

ಕಾರ್ತಿಗೈ ಇಪ್ಪತ್ತೆಂಟಕ್ಕೆ, ಹೇಳಿದ ದಿನ ಹೇಳಿದ ಹೊತ್ತಿಗೆ, ಮುರುಗೇಶ್ ಮಿಷಿನ್ ತಂದ. ಮುಂಚಿನ ದಿನವೇ ಇವರು ಅವನಿಗೆ ಫೋನ್ ಮಾಡಿ, ಮಿಷಿನ್ ಕೆಟ್ಟಿತ್ತು ಎಂದೇ ಹೇಳು ಎಂದು ಬೇಡಿಕೊಂಡಿದ್ದರು. ಅವನು ಸರಿ ಅಯ್ಯಾ ಎಂದಿದ್ದ. ಊರವರು ಅವನನ್ನು ಸುತ್ತಿಕೊಂಡು ಬೈದರು. ಮಾತು ಕೊಟ್ಟು ತಪ್ಪಿದವನು, ನಿನ್ನಿಂದ ಒಬ್ಬ ಮುದುಕಿಯ ವರ್ಷದ ಊಟ ಹೋಯಿತು ಎಂದರು. ಕನ್ನಡದಲ್ಲಿ ಬೈದದ್ದು ಸಾಲದೆ, ರಾಮಕೃಷ್ಣಪ್ಪಾ, ಇದನ್ನ ತಮಿಳಿನಾಗೇಳು ಅಂದರು. ಇವರು ತಲೆ ತಗ್ಗಿಸಿ ಒಂದೊಂದನ್ನೂ ತಮಿಳು ಮಾಡಿ ಹೇಳಿದರು. ಮುರುಗೇಶ್ ಇವರ ಮುಖ ಒಂದು ಸಲ ನೋಡಿ ಮಿಷಿನ್ ಹತ್ತಿದ. ಅವತ್ತು ಇವರು ಹೊಲದಿಂದ ಬಂದವರು ಸ್ನಾನ ಮಾಡಿ ಮಧ್ಯಾಹ್ನವೇ ಮಲಗಿಬಿಟ್ಟರು.

ನಮಗೆ ಹದಿನಾಲ್ಕು ಮೂಟೆ ಬಂತು. ಅದರಲ್ಲಿ ಐದು ಮೂಟೆಯನ್ನು ಮಾರನೇ ದಿನ ಮೋಹನನ ಕೈಲಿ ಅಕ್ಕನ ಮನೆಗೆ ಹಾಕಿಸಿದರು. ನಿನ್ನ ಹೊಲದ ಮೂಲೆಯಲ್ಲಿ ಮುಚ್ಚಿದ್ದೆವಲ್ಲ, ಅದನ್ನೂ ಮಿಷಿನ್ನಿಗೆ ಕೊಟ್ಟೆ, ಇಷ್ಟು ಬಂತು ಎಂದು ಹೇಳಿದರು. ನಾನೂ ಜೊತೆಗೆ ಹೋಗಿದ್ದೆ. ಅಕ್ಕ ಮಂಚದ ಮೇಲೆ ಕೂತಿದ್ದವಳು ಎದ್ದು ಬಂದು, ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. ನಮ್ಮದು ಕೃಷಿ ಆಫೀಸಿನವರು ಕೊಟ್ಟ ಬೀಜ, ಕಾಳು ದಪ್ಪ, ಕೆಂಪು. ಅವಳದು ಹಳೆಯ ಸಣ್ಣ ಕಾಳು. ಇದು ಇವರಿಗೆ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

‘ಇದು ನನ್ ಹೊಲದ್ದಲ್ಲ ಕಣ್ಲಾ’ ಎಂದಳು.

ಇವರು ಮೂಟೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. ‘ಮಿಷಿನ್ ಕೆಟ್ಟಿರ್ಲಿಲ್ಲ ಅಕ್ಕಾ’ ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಕಾರ್ತಿಕ, ಕಾರ್ತಿಗೈ, ಫೋನು, ಬೆಲ್ಟು, ಹುಲ್ಲಿನ ನೆಪ, ಮುರುಗೇಶನ ಕೈಲಿ ಸುಳ್ಳು ಹೇಳಿಸಿದ್ದು. ತಪ್ಪಾಯಿತು ಎಂದರು. ಮೂಗು ಒರೆಸಿಕೊಂಡು ಇನ್ನೊಂದು ಸಲ ಎಂದರು. ನಲವತ್ತು ವರ್ಷದಲ್ಲಿ ಆ ಮಾತನ್ನು ನಾನು ಕೇಳಿದ್ದು ಅವತ್ತು.

ಅಕ್ಕ ಬೈಯಲಿಲ್ಲ. ಮೊದಲು ಅವಳ ಮುಖದಲ್ಲಿ ಒಂದು ಥರ ನೆಮ್ಮದಿ ಬಂತು. ನಿನ್ನ ಹೊಲ ಬಿಟ್ಟು ನನ್ನದು ಕುಯ್ದೆಯಲ್ಲ, ಅದಕ್ಕೇ ನಿನಗೇನೋ ದೊಡ್ಡ ಕಾಯಿಲೆ ಬಂದಿದೆ, ನನ್ನಿಂದ ಮುಚ್ಚಿಟ್ಟಿದ್ದೀಯ ಅಂದುಕೊಂಡಿದ್ದೆ, ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ ಎಂದಳು. ತಿಂಗಳು ತಪ್ಪಿದ್ದೇನು ಮಹಾ, ಯಾರಿಗಾದರೂ ತಪ್ಪುತ್ತೆ ಎಂದಳು. ಆಮೇಲೆ ಬೆರಳು ಮಡಚಿ ಎಣಿಸತೊಡಗಿದಳು. ಆ ಫೋನು ಮಾಡಿದ್ದು ಅಮಾವಾಸ್ಯೆಯಾಗಿ ಎಷ್ಟು ದಿನಕ್ಕೆ ಎಂದು ಕೇಳಿದಳು. ಎರಡು ದಿನಕ್ಕೆ ಎಂದರು ಇವರು. ಅಲ್ಲಿಂದ ಮಳೆ ಬರೋ ತನಕ ಎಷ್ಟು ದಿನ ಎಂದಳು. ಉತ್ತರವನ್ನೂ ಅವಳೇ ಹೇಳಿದಳು.

‘ಒಂಬತ್ತು ದಿನ ಕಣೋ. ಅವತ್ತೇ ಹೇಳಿದ್ರೆ ನಾಟ್ರಾಂಪಾಳ್ಯಕ್ಕೆ ಫೋನ್ ಮಾಡ್ತಿದ್ದೆ. ಮಾರ್ನೆ ದಿನ ಬಸ್ ಹತ್ಕೊಂಡು ಬಂದ್ಬುಡ್ತಿದ್ರು. ಐದು ದಿನದಾಗೆ ಮೆದೆ ಎದ್ದಿರ್ತಿತ್ತು.’

ಇವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ರಾಗಿ ಹೋದದ್ದು ತಿಂಗಳು ತಪ್ಪಿದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಅದನ್ನು ಅವಳು ಎಣಿಸಿ ತೋರಿಸುವ ತನಕ ನಾವಿಬ್ಬರೂ ನಮ್ಮೊಳಗೇ ಮಿಷಿನ್ನು, ಮಳೆ, ತಮಿಳು ಎಂದು ಹೇಳಿಕೊಂಡು ಕಾಲ ಕಳೆದಿದ್ದೆವು. ಅಕ್ಕ ತಮ್ಮನ ತಲೆಯ ಮೇಲೆ ಕೈಯಿಟ್ಟಳು. ಏಳು, ಎದ್ದು ಮುಖ ತೊಳ್ಕೋ ಎಂದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

‘ನಿಂಗೂ ಗೊತ್ತಿತ್ತಾ?’

ಇಲ್ಲ ಎನ್ನಬಹುದಿತ್ತು. ಇವರೂ ಹೇಳುತ್ತಿರಲಿಲ್ಲ.

‘ಗೊತ್ತಿತ್ತು ಅಕ್ಕಾ’ ಎಂದೆ.

ಅವಳು ಕೈಯಲ್ಲಿದ್ದ ರಾಗಿಯನ್ನು ಮೂಟೆಗೆ ಸುರಿದು, ಬಾಯಿ ಕಟ್ಟಿದಳು. ‘ಇವನು ಹಿಂಗೇ ಅಂತ ನಂಗೊತ್ತು, ನಾನೇ ಸಾಕಿದ್ದು. ನಿನ್ ಮಾತ ನಂಬ್ಕೊಂಡು ದಿನಾ ಮನೆಗೆ ಹೋಯ್ತಿದ್ದೆ ಕಣಮ್ಮಿ’ ಎಂದಳು. ದನಿ ಎತ್ತಲಿಲ್ಲ. ಮಂಡಿ ಹಿಡಿದುಕೊಂಡು ಹೋಗಿ ಮಂಚದ ಮೇಲೆ ಕೂತಳು.

ಐದು ಮೂಟೆಯನ್ನೂ ಇಟ್ಟುಕೊಂಡಳು, ಉಣ್ಣಬೇಕಲ್ಲ. ಇವರು ಮಾರನೇ ದಿನ ಹಾಲಿನ ಡೈರಿ ಹತ್ತಿರ ಎಲ್ಲರ ಮುಂದೆ ನಿಜ ಹೇಳಿದರು. ಇಬ್ಬರು ಬೈದರು, ನಾಲ್ಕು ಜನ ನಕ್ಕರು. ಮುರುಗೇಶನಿಗೆ ಫೋನ್ ಮಾಡಿ, ಗುಂಡಿ ಹಾಕಿಕೊಳ್ಳದೆಯೇ, ಕ್ಷಮಿಸು ಎಂದರು. ಒಂದು ವಾರಕ್ಕೆ ಜಗಲಿಯ ಮೇಲೆ ಮತ್ತೆ ಕಾಗದ ಹಿಡಿದವರು ಬಂದು ಕೂತರು. ಇವರ ಎದೆ ಹಗುರಾಯಿತು, ಊಟ ಸೇರುತ್ತದೆ, ರಾತ್ರಿ ಗೊರಕೆ ಹೊಡೆಯುತ್ತಾರೆ. ಬದುವಿನಲ್ಲಿ ಅಕ್ಕ ತಮ್ಮ ಇಬ್ಬರೂ ಕೂತು ಹರಟೆ ಹೊಡೆಯುವುದನ್ನು ದಿನವೂ ನೋಡುತ್ತೇನೆ.

ಅಕ್ಕ ನನ್ನ ಜೊತೆಯೂ ಮಾತು ಬಿಟ್ಟಿಲ್ಲ. ಸಾರು ಮಾಡಿದರೆ ಒಂದು ಬಟ್ಟಲು ಕಳಿಸುತ್ತಾಳೆ, ನಾನು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾಳೆ. ಮೊನ್ನೆ ಸಂಜೆ ಮೋಡ ಕವಿದಿತ್ತು. ಅಕ್ಕ ಅಂಗಳದಲ್ಲಿ ಅವರೆ ಹರವಿದ್ದಳು. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ, ಒಳಗೆ ಟಿವಿಯಲ್ಲಿ ಆಗ ತಾನೇ ಹವಾಮಾನ ಮುಗಿದಿತ್ತು. ಅವಳು ನನ್ನನ್ನು ನೋಡಿದಳು. ಆಮೇಲೆ ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಸುಧಾಳನ್ನು ಕೂಗಿ ಕರೆದು, ಇವತ್ತು ಮಳೆ ಬತ್ತೈತೇನಮ್ಮಾ ಎಂದು ಕೇಳಿದಳು.